ಉಸಿರಿನ ದಾರಿ

ನಮ್ಮ ತೀರ್ಥರೂಪರು 1968ನೆಯ ಇಸವಿಯಲ್ಲಿ ಕೊಂಡ ಅಂಬಾಸಡರ್ ಗಾಡಿಯು ತೀರ್ಥಹಳ್ಳಿಯ ನಮ್ಮ ಮನೆಯ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಇಂದಿಗೂ ನಿಂತಿದೆ. ನಿಂತಿದೆಯೆಂದರೆ ಕೆಟ್ಟು ನಿಂತಿದೆಯೆಂದು ವಾಚಕರು ಭಾವಿಸಬಾರದು; ಕೀಲಿ ತಿರುಗಿಸಿದರೆ ಹೊರಡುತ್ತದೆ. ಆದರೆ ಈಗ ಅದನ್ನು ಹೊರಡಿಸುವ ಎಂಜಿನು ತೀರ್ಥರೂಪರು ಕೊಂಡ ಎಂಜಿನಲ್ಲ. ಹಳೆಯ ಗಾಡಿಯೊಂದರ ಎಂಜಿನನ್ನು ಇಳಿಸಿ ಇನ್ನೊಂದನ್ನು ಕೂರಿಸುವುದರಲ್ಲಿ ಪಡಬೇಕಾದ ಪಾಡನ್ನೆಲ್ಲ ಬರೆಯಹೊರಟರೆ ಈ ಪತ್ರಿಕೆಯ ಪುಟಗಳು ಸಾಲವು. ಅವುಗಳಲ್ಲಿ ಯಾರೂ ಲಕ್ಷ್ಯಕ್ಕೆ ತಾರದ ಒಂದು ಸಂಗತಿಯುಂಟು: ಹೊಸ ಎಂಜಿನಿಗೆ ತಣ್ಣನೆಯ ಗಾಳಿಯನ್ನು ಎಲ್ಲಿಂದ ತರಬೇಕು, ಯಾವ ದಾರಿಯಾಗಿ ತರಬೇಕು ಎಂಬುದು. ನಾವು ಅತ್ಯಂತ ಕಷ್ಟಪಟ್ಟದ್ದು ಅದರಲ್ಲಿಯೇ ಆದಕಾರಣ ಅದೊಂದನ್ನೇ ಇಲ್ಲಿ ನಿವೇದಿಸುತ್ತೇವೆ.

ಗಾಡಿಯ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಮೂರನೆಯ ಮಾದರಿಯೇ ಬಂಗಾಳದ ಉತ್ತರಪಾಡಾ ಕಾರ್ಖಾನೆಗೆ ಬಂದು ಅಂಬಾಸಡರ್ ಎಂದು ಹೆಸರು ಪಡೆಯಿತು; 2014ರಲ್ಲಿ ಆ ಕಾರ್ಖಾನೆ ಅದರ ತಯಾರಿಕೆಯನ್ನು ನಿಲ್ಲಿಸಿತು. ನಮ್ಮದು ಎರಡನೆಯ ಅವತಾರ, ಮಾರ್ಕ್ ಟೂ. ಅದರ ಎಂಜಿನು 1489 ಘನ ಸೆಂಟಿಮೀಟರಿನದು. ಸುಮಾರು ಐವತ್ತು ಕುದುರೆಗಳ ಶಕ್ತಿ. ಆ ಕಾಲದಲ್ಲಿ ಹಣ ಕಟ್ಟಿದವರಿಗೆ ಗಾಡಿ ತತ್‌ಕ್ಷಣ ಸಿಗುತ್ತಿರಲಿಲ್ಲ; ತೀರ್ಥರೂಪರು ಅಡಿಕೆಯ ಮೂರು ಕೊಯ್ಲು ಕಳೆಯುವವರೆಗೂ ಕಾದಿದ್ದರೆಂದು ನಮ್ಮ ಮಾತೃಶ್ರೀಯವರು ಇಂದಿಗೂ ಹೇಳುತ್ತಾರೆ. ಬಂದ ದಿನ ಮನೆಯ ಮುಂದೆ ಕುಂಬಳಕಾಯಿ ಒಡೆದು ಆರತಿ ಎತ್ತಿದರಂತೆ. ಆ ಗಾಡಿಯಲ್ಲಿ ನಾವು ಶಾಲೆಗೆ ಹೋದೆವು, ನಮ್ಮ ಅಕ್ಕಂದಿರು ಅತ್ತೆಯ ಮನೆಗೆ ಹೋದರು, ಕಡೆಗೆ ತೀರ್ಥರೂಪರ ಅಸ್ಥಿಯೂ ತುಂಗೆಯ ತೀರಕ್ಕೆ ಅದರಲ್ಲಿಯೇ ಹೋಯಿತು.

2017ರಲ್ಲಿ ಆ ಎಂಜಿನಿನ ಕಬ್ಬಿಣದ ಒಡಲು ಸೀಳಿತು. ರೇಡಿಯೇಟರಿನ ನೀರು ಬತ್ತಿದ್ದನ್ನು ಗಮನಿಸದೆ ಓಡಿಸಿದವರು ನಾವೇ. ಇತರರ ಮೇಲೆ ಹೊರಿಸಲು ಅವಕಾಶವಿಲ್ಲ. ಅದಾಗಲೇ ಎರಡಾವರ್ತಿ ಕೊರೆಸಿ ದೊಡ್ಡದು ಮಾಡಿದ್ದ ಸಿಲಿಂಡರುಗಳು. ಇನ್ನು ದುರಸ್ತಿಗೆ ಎಡೆಯಿರಲಿಲ್ಲ. ಗುಜರಿಗೆ ಹಾಕಿರೆಂದು ನೆಂಟರು ಬುದ್ಧಿ ಹೇಳಿದರು. ಮಾತೃಶ್ರೀಯವರು ಏನೂ ಹೇಳಲಿಲ್ಲ. ಆ ದಿನ ಸಂಜೆ ಮಾಡಿಗೆ ಹೋಗಿ, ಗಾಡಿಯ ಮುಂದಿನ ಆಸನದಲ್ಲಿ ಸ್ವಲ್ಪ ಹೊತ್ತು ಕುಳಿತು ಬಂದರು. ಅದನ್ನು ಕಂಡ ಮೇಲೆ ಗುಜರಿಯ ಮಾತನ್ನು ಯಾರೂ ಎತ್ತಲಿಲ್ಲ.

1990ರ ದಶಕದ ಆದಿಭಾಗದಿಂದ ಅಂಬಾಸಡರ್ ಗಾಡಿಗಳಿಗೆ ಜಪಾನಿನ ಇಸುಜು ಮಾದರಿಯ 1817 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನನ್ನೂ ಹಾಕುತ್ತಿದ್ದರು. ಎಪ್ಪತ್ತೈದು ಕುದುರೆಗಳ ಹತ್ತಿರದ ಶಕ್ತಿ. ನಾಲ್ಕರ ಬದಲು ಐದು ಗೇರು. ಮುರಿದು ಮಾರುತ್ತಿದ್ದ ಅಂತಹ ಗಾಡಿಯೊಂದರ ಎಂಜಿನು ಗೇರುಪೆಟ್ಟಿಗೆಸಮೇತ ನಮಗೆ ದೊರೆಯಿತು. ಸಾರಿಗೆ ಕಛೇರಿಯ ಅನುಮತಿ ಪಡೆದು, ಹೊಸ ಎಂಜಿನಿನ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ಬರೆಸಿದೆವು. ಈ ಕ್ರಮವನ್ನು ತಪ್ಪಿಸಿದವರು ಮುಂದೆ ಅಪಘಾತ ವಿಮೆಯ ಕಾಲದಲ್ಲಿ ಪೇಚಿಗೆ ಬೀಳುತ್ತಾರೆ. ಹಿಂದೆ ಚಕ್ರದ ಕೆಳಗೆ, ಕೈಗೆ ಎಟಕುವಂತಿದ್ದ ಗೇರಿನ ಹಿಡಿ ಈಗ ನೆಲದಿಂದ ಎದ್ದು ಬರಬೇಕಾಯಿತು. ಅದಕ್ಕಾಗಿ ಗಾಡಿಯ ನೆಲದ ತಗಡನ್ನು ಕತ್ತರಿಸಿದರು. ಅದನ್ನು ನೋಡಿದ ದಿನವೇ ನಾವು ಮನಸ್ಸಿನಲ್ಲಿ ನಿಶ್ಚಯಿಸಿದೆವು: ಇನ್ನು ಮೇಲೆ ಈ ಗಾಡಿಯ ಮೈಗೆ ಕತ್ತರಿ ತಗುಲಿಸಕೂಡದು. (ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ ವಿಶೇಷ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಾಗ ನಮ್ಮ ಚಿರಂಜೀವಿಯು ಬಹಳ ಕೊರಗಿದನು. ನಮಗೆ ಅಷ್ಟು ಖೇದವಾಗಲಿಲ್ಲ. ಓಡದೆ ಮೂಲರೂಪದಲ್ಲಿ ಕುಳಿತಿರುವುದಕ್ಕಿಂತ ರೂಪ ಕೆಟ್ಟು ಓಡುವುದು ಲೇಸೆಂದು ಆಗಲೂ ತೋರಿತು, ಈಗಲೂ ತೋರುತ್ತದೆ.)

ಹಳೆಯ ಎಂಜಿನಿನ ಗಾಳಿಗೆ ಎಣ್ಣೆಯ ಬಟ್ಟಲಿದ್ದ ದುಂಡಗಿನ ಶೋಧಕವಿತ್ತು. ಗಾಳಿಯು ಎಣ್ಣೆಯನ್ನು ಸವರಿಕೊಂಡು ಹೋಗುವಾಗ ದೂಳು ಎಣ್ಣೆಯಲ್ಲಿ ಉಳಿಯುತ್ತಿತ್ತು. ಎಂಜಿನನ್ನು ಕೂರಿಸಿಕೊಟ್ಟ ಕಾರ್ಖಾನೆಯವರು ಅದನ್ನು ಮೂಲೆಗೆ ಎಸೆದು, ಹೊಸ ಎಂಜಿನಿನ ಶೋಧಕದ ಪೆಟ್ಟಿಗೆಯೂ ಬಾನೆಟ್ಟಿನ ಕೆಳಗೆ ಹಿಡಿಯುವುದಿಲ್ಲವೆಂದು ಹೇಳಿ, ಕಾರ್ಬುರೇಟರಿನ ಬಾಯಿಗೆ ಕೆಂಪು ಬಣ್ಣದ ಶಂಕುವಿನಾಕಾರದ ಬರಿಯ ಜಾಲರಿಯೊಂದನ್ನು ಸಿಕ್ಕಿಸಿದರು. ಇದೇನೆಂದು ಕೇಳಿದ್ದಕ್ಕೆ ಅಲ್ಲಿಯ ಹುಡುಗನು "ಕೋಲ್ಡ್ ಏರ್ ಫಿಲ್ಟರ್ ಸಾರ್, ತಣ್ಣಗಿನ ಗಾಳಿ ಎಳೀತದೆ, ಗಾಡಿ ಹಾರ್ತದೆ" ಎಂದನು. ಮುಂದೆ ರೇಡಿಯೇಟರು, ಅದರ ಹಿಂದೆ, ಅದರ ಬಿಸಿಯನ್ನೆಲ್ಲ ಎಳೆದು ಒಳಕ್ಕೆ ಬೀಸುವ ಫ್ಯಾನು, ಆ ಫ್ಯಾನಿನ ಗಾಳಿಗೆ ಎದುರಾಗಿ ಈ ಜಾಲರಿ. ಅಲ್ಲಿ ತಣ್ಣಗಿನ ಗಾಳಿ ಎಲ್ಲಿಂದ ಬರಬೇಕೆಂದು ಕೇಳುವ ಬುದ್ಧಿ ಆಗ ನಮಗೆ ಹೊಳೆಯಲಿಲ್ಲ. ಊರೊಳಗಿನ ಸಂಚಾರದಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಹಣ ಕೊಟ್ಟು ಬಂದೆವು.

2018ರ ಏಪ್ರಿಲಿನಲ್ಲಿ ಮಾತೃಶ್ರೀಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು, ಉಡುಪಿಯ ಕಡೆಯ ಒಂದು ಆಸ್ಪತ್ರೆಯಲ್ಲಿ. ಬಾಡಿಗೆಯ ಗಾಡಿ ಬೇಡ, ನಮ್ಮದರಲ್ಲಿಯೇ ಕರೆದುಕೊಂಡು ಹೋಗೆಂದು ಅವರೇ ಹೇಳಿದ್ದರು. ಇಳಿಯುವಾಗ ತೊಂದರೆಯಾಗಲಿಲ್ಲ. ಹಿಂದಿರುಗುವಾಗ ಹೆಬ್ರಿ ಬಿಟ್ಟು ಸೋಮೇಶ್ವರಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನದ ಎರಡು ಗಂಟೆ. ಆಗುಂಬೆಯ ಘಾಟಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿರುವುದನ್ನು ಆ ದಾರಿಯಲ್ಲಿ ಹೋದವರೆಲ್ಲರೂ ಬಲ್ಲರು. ಮೂರನೆಯ ತಿರುವಿನಲ್ಲಿಯೇ ಗಾಡಿಯು ಏದುವುದಕ್ಕೆ ತೊಡಗಿತು. ಕಾಲು ಒತ್ತಿದಷ್ಟೂ ವೇಗ ಕುಗ್ಗುತ್ತಿತ್ತು. ಎಂಜಿನಿನೊಳಗೆ ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ಸದ್ದು. ಏಳನೆಯ ತಿರುವಿನ ನಡುಮಧ್ಯದಲ್ಲಿ ನಿಂತೇಬಿಟ್ಟಿತು. ಹಿಂದೆ ವಾಹನಗಳ ಸಾಲು, ಕೂಗು, ಬೈಗಳು. ನಮ್ಮ ಮನೆಯವರು ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಮಾತೃಶ್ರೀಯವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಸೆರಗಿನಿಂದ ಬೆವರೊರಸಿಕೊಳ್ಳುತ್ತ ಒಳಗೆ ಕುಳಿತಿದ್ದರು. ತಲೆ ಬಗ್ಗಿಸಬಾರದು, ದೂಳು ತಾಕಬಾರದು, ಬಿಸಿಲು ಬೀಳಬಾರದು ಎಂದು ವೈದ್ಯರು ಹೇಳಿ ಕಳುಹಿಸಿ ಇನ್ನೂ ಮೂರು ಗಂಟೆ ಕಳೆದಿರಲಿಲ್ಲ. ನಮ್ಮ ಅಭಿಮಾನಕ್ಕಾಗಿ ವೃದ್ಧೆಯನ್ನು ಈ ದುರವಸ್ಥೆಗೆ ಗುರಿಮಾಡಿದೆವಲ್ಲಾ ಎಂದು ಆ ಗಳಿಗೆಯಲ್ಲಿ ನಮಗಾದ ನಾಚಿಕೆಯನ್ನು ಬರೆಯಲಾರೆವು.

ನೋಡಲು ಕಣ್ಣಿಲ್ಲದ ಹೊತ್ತಿನಲ್ಲಿ ಮೂಗು ಕಿವಿಗಳು ಚುರುಕಾಗುತ್ತವೆಯೋ ಏನೋ, ಅವರು ಒಳಗಿನಿಂದಲೇ ಕೇಳಿದರು:

"ಹೊಗೆ ಕಪ್ಪಗೆ ಬರ್ತಿದೆಯೇನೋ?"

"ಹೌದಮ್ಮ, ಕಪ್ಪಗಿದೆ."

"ಅದಕ್ಕೇ ಕೇಳಿದೆ. ಘಾಟು ಹೊಡೀತಿದೆ. ಬಚ್ಚಲೊಲೆಗೆ ಸೌದೆ ಗಿಡಿದು ಬಾಯಿ ಕಟ್ಟಿದರೆ ಹೀಗೇ ಆಗೋದು. ಸೌದೆ ಕಡಿಮೆಯಾಗಿಲ್ಲ ಕಣೋ, ಉರಿಗೆ ಉಸಿರು ಸಾಲದು."

ಎಪ್ಪತ್ತು ವರ್ಷ ಒಲೆಯ ಮುಂದೆ ಕುಳಿತವರ ಮಾತು. ನಾವಾದರೋ ಪೆಟ್ರೋಲು ಸಾಲದೆಂದು ತಿಳಿದು ಚೋಕನ್ನು ಎಳೆದು ಎಳೆದು ರೋಗವನ್ನು ಹೆಚ್ಚಿಸುತ್ತಿದ್ದೆವು. ಬಾನೆಟ್ಟು ತೆರೆದಿಟ್ಟು ಮುಕ್ಕಾಲು ಗಂಟೆ ಕಾದೆವು. ಆಮೇಲೆ ಗಾಡಿಯು ಏನೂ ಆಗಿಲ್ಲವೆಂಬಂತೆ ಹೊರಟು ಘಾಟಿಯ ತುದಿಯನ್ನು ಮುಟ್ಟಿತು.

ಮನೆಗೆ ಬಂದ ಮೇಲೆ ಚಿರಂಜೀವಿಯು ಲೆಕ್ಕ ಹಾಕಿ ತೋರಿಸಿದನು. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು ಹದಿನೈದು ಕಿಲೋ ಗಾಳಿ ಬೇಕು. ಗಾಳಿಗೆ ತೂಕವುಂಟೆಂಬುದೇ ನಮಗೆ ಮರೆತುಹೋಗಿರುತ್ತದೆ. ಹದಿನೈದು ಕಿಲೋ ಗಾಳಿಯೆಂದರೆ ಎಂಟಡಿ ಉದ್ದ, ಏಳಡಿ ಅಗಲ, ಎಂಟಡಿ ಎತ್ತರದ ನಮ್ಮ ದೇವರ ಮನೆಯ ತುಂಬ ಹಿಡಿಯುವಷ್ಟು. ಸುಮ್ಮನೆ ಕುಳಿತ ಮನುಷ್ಯನು ನಿಮಿಷಕ್ಕೆ ಆರೆಂಟು ಲೀಟರು ಗಾಳಿ ಸೇವಿಸಿದರೆ, ಘಾಟಿ ಹತ್ತುವ ಈ ಎಂಜಿನು ನಿಮಿಷಕ್ಕೆ ಎರಡು ಸಾವಿರ ಲೀಟರಿಗೂ ಮಿಗಿಲಾಗಿ ಸೇವಿಸುತ್ತದೆ. ಗಾಳಿ ಕಾದಷ್ಟೂ ಹಿಗ್ಗುತ್ತದೆ. ಹಿಗ್ಗಿದ ಗಾಳಿಯು ಅಷ್ಟೇ ಜಾಗದಲ್ಲಿ ಕಡಿಮೆ ತೂಗುತ್ತದೆ. ಆದರೆ ಕಾರ್ಬುರೇಟರು ಪೆಟ್ರೋಲನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡುವುದಿಲ್ಲ. ಆದ್ದರಿಂದ ಸೌದೆ ಹೆಚ್ಚಾಗಿ ಗಾಳಿ ಕಡಿಮೆಯಾಗುತ್ತದೆ, ಹೊಗೆ ಕಪ್ಪಾಗುತ್ತದೆ. ಅದೂ ಅಲ್ಲದೆ ಮೊದಲೇ ಕಾದ ಗಾಳಿಯನ್ನು ಸಿಲಿಂಡರಿನಲ್ಲಿ ಒತ್ತಿದಾಗ ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ನಾವು ಕೇಳಿದ ಕಲ್ಲು ಕುಲುಕುವ ಸದ್ದು ಅದೇ. ಅವನು ತಂತಿಯ ತುದಿಯ ಉಷ್ಣಮಾಪಕವೊಂದನ್ನು ಆ ಕೆಂಪು ಜಾಲರಿಯ ಬಳಿ ಕಟ್ಟಿ ಗಾಡಿಯನ್ನು ನಿಲ್ಲಿಸಿ ಓಡಿಸಿದನು. ಹೊರಗೆ 33 ಡಿಗ್ರಿ. ಒಳಗೆ ಹತ್ತು ನಿಮಿಷದಲ್ಲಿ 68. ಅಂದರೆ ನೂರು ಪಾಲು ಗಾಳಿ ಸಿಗಬೇಕಾದಲ್ಲಿ ತೊಂಬತ್ತು ಪಾಲು ಮಾತ್ರ ಸಿಗುತ್ತಿತ್ತು. "ಅಜ್ಜಿ ಹೇಳಿದ್ದು ಸರಿ" ಎಂದನು. ಅಜ್ಜಿಯು ಪಟ್ಟಿಯ ಹಿಂದಿನಿಂದಲೇ ನಕ್ಕರು.

ರೋಗ ತಿಳಿದ ಮೇಲೆ ಮದ್ದು ಸುಲಭವೆಂದುಕೊಂಡೆವು. ಬಾನೆಟ್ಟನ್ನು ಕತ್ತರಿಸಿ ಮೇಲೊಂದು ಮೂಗು ಎಬ್ಬಿಸೋಣವೆಂದು ಚಿರಂಜೀವಿಯ ಸಲಹೆ. ಕತ್ತರಿಯ ವಿಷಯದಲ್ಲಿ ನಮ್ಮ ನಿಶ್ಚಯವನ್ನು ಮೊದಲೇ ಹೇಳಿದ್ದೇವೆ. ಮೇಲೆ ಬೇಡವಾದರೆ ಕೆಳಗೆಂದು, ಅವನೇ ಒಂದು ಕೊಳವೆಯನ್ನು ಕಾರ್ಬುರೇಟರಿನಿಂದ ಕೆಳಕ್ಕೆ ಇಳಿಸಿ, ಮುಂದಿನ ಬಂಪರಿನ ಕೆಳಗೆ ಅದರ ಬಾಯಿ ತೆರೆದನು. ಅಲ್ಲಿ ತಗಡು ಕೊಯ್ಯುವ ಅಗತ್ಯವಿರಲಿಲ್ಲ. ಗಾಳಿಯೂ ನಿಜವಾಗಿ ತಣ್ಣಗಿತ್ತು. ಮೇ ತಿಂಗಳೆಲ್ಲ ಗಾಡಿ ಹಕ್ಕಿಯಂತೆ ಓಡಿತು, ನಮಗೆ ಹೆಮ್ಮೆಯಾಯಿತು.

ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಹುಟ್ಟಿ ಬೆಳೆದವರು, ನೆಲದಿಂದ ಒಂದಡಿಯ ಎತ್ತರದಲ್ಲಿ ಎಂಜಿನಿನ ಮೂಗನ್ನು ತೆರೆದಿಟ್ಟೆವೆಂದರೆ ವಾಚಕರು ನಗದಿರಲಾರರು. ಜೂನ್ ತಿಂಗಳ ಒಂದು ಸಂಜೆ ಮೇಗರವಳ್ಳಿಯಿಂದ ಬರುವಾಗ ಹಳ್ಳವೊಂದು ಉಕ್ಕಿ ರಸ್ತೆಯ ಮೇಲೆ ಹರಿಯುತ್ತಿತ್ತು. ಆಳವೇನೂ ಇರಲಿಲ್ಲ, ನಿಧಾನವಾಗಿ ಇಳಿಸಿದೆವು. ಅರ್ಧ ದಾಟುವಷ್ಟರಲ್ಲಿ ಧಡ್ಡೆಂದು ಒಂದು ಏಟು, ಎಂಜಿನು ನಿಂತಿತು. ಮತ್ತೆ ಕೀಲಿ ತಿರುಗಿಸಲು ಕೈ ಹೋಗಿತ್ತು. ಯಾವ ದೇವರು ಆ ಕೈಯನ್ನು ಹಿಡಿದನೋ, ತಿರುಗಿಸಲಿಲ್ಲ.

ಮರುದಿನ ಹಗ್ಗ ಕಟ್ಟಿ ಎಳೆತಂದ ಗಾಡಿಯನ್ನು ನೋಡಲು, ತೀರ್ಥರೂಪರ ಕಾಲದಿಂದಲೂ ಅದರ ನಾಡಿ ಬಲ್ಲ ವೃದ್ಧ ಮೇಸ್ತ್ರಿ ಸಾಹೇಬರನ್ನು ಕರೆಸಿದೆವು. ಅವರು ಕೆಲಸ ಬಿಟ್ಟು ಹಲವು ವರ್ಷಗಳಾಗಿದ್ದವು. ಎಂಜಿನು ಬದಲಾಯಿಸುವಾಗ ಅವರನ್ನು ಕೇಳದೆ ಹೋದದ್ದಕ್ಕೆ ಸ್ವಲ್ಪ ಮುನಿಸೂ ಇತ್ತು. ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಎಂಜಿನನ್ನು ಕೈಯಿಂದ ತಿರುಗಿಸಿದಾಗ ಎರಡು ರಂಧ್ರಗಳಿಂದ ಕೆಸರು ನೀರು ಚಿಮ್ಮಿತು.

"ಗಾಳೀನ ಒತ್ತಬಹುದು ಸ್ವಾಮೀ, ನೀರನ್ನ ಒತ್ತೋಕಾಗಲ್ಲ" ಎಂದರು ಸಾಹೇಬರು. "ಜೋರಾಗಿ ಬಂದಿದ್ರೆ ಕನೆಕ್ಟಿಂಗ್ ರಾಡ್ ಬಗ್ಗಿ ಹೋಗ್ತಿತ್ತು. ನಿಧಾನಕ್ಕೆ ಬಂದ್ರಿ, ಮತ್ತೆ ಸ್ಟಾರ್ಟ್ ಮಾಡ್ಲಿಲ್ಲ. ದೊಡ್ಡ ಯಜಮಾನರ ಪುಣ್ಯ."

ಅನಂತರ ಅವರು ಬಾನೆಟ್ಟಿನ ಮುಂದೆ ಒಂದು ಮಣೆ ಹಾಕಿಸಿಕೊಂಡು ಕುಳಿತು, ಒಳಗನ್ನು ಬಹಳ ಹೊತ್ತು ನೋಡಿದರು. ರೇಡಿಯೇಟರಿನ ಎಡಪಕ್ಕದ ತಗಡಿನ ಮೇಲೆ ಎರಡು ತಿರುಪುಗಳಿಂದ ಬಿಗಿದ ಒಂದು ದುಂಡು ಬಿಲ್ಲೆಯಿತ್ತು. ಅದರ ಮೇಲೆ ಬೆರಳಿಟ್ಟು, "ಇದು ಏನು ಗೊತ್ತೇ?" ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ.

ಘಾಟಿಯ ತಿರುವುಗಳಲ್ಲಿ ಎದುರು ಬರುವ ಬಸ್ಸುಗಳಿಗೆ ಕೇಳಿಸಬೇಕೆಂದು ತೀರ್ಥರೂಪರು ಹಿಂದೊಮ್ಮೆ ಕಹಳೆಯಂತಹ ದೊಡ್ಡ ಹಾರನ್ನೊಂದನ್ನು ಕೊಂಡುತಂದಿದ್ದರು. ಅದರ ಬಾಯಿ ಮುಂದಿನ ಜಾಲಿಯ ಹಿಂದೆ ಹೊರಟು ನಿಲ್ಲುವಂತೆ ಆ ತಗಡಿನಲ್ಲಿ ಮೂರಂಗುಲದ ರಂಧ್ರ ಕೊರೆಸಿದ್ದರು. ಕೊರೆದವರು ಆಗ ಹರೆಯದ ಹುಡುಗನಾಗಿದ್ದ ಇದೇ ಸಾಹೇಬರು. ಹಾರನ್ನು ಕೆಟ್ಟ ಮೇಲೆ ನೀರು ಸಿಡಿಯದಿರಲೆಂದು ಬಿಲ್ಲೆ ಹೊಡೆದು ಮುಚ್ಚಿದರು. ಆ ರಂಧ್ರವು ರೇಡಿಯೇಟರಿನ ಬಿಸಿಗಾಳಿ ಹಾಯದ ಮೂಲೆಯಲ್ಲಿ, ನೆಲದಿಂದ ಎರಡೂವರೆ ಅಡಿಗೂ ಎತ್ತರದಲ್ಲಿ, ಮುಂದಿನ ಜಾಲಿಯ ಮರೆಯಲ್ಲಿತ್ತು. ನಾವು ಮೇಲೂ ಕೆಳಗೂ ಹುಡುಕಿದ ದಾರಿಯನ್ನು ತೀರ್ಥರೂಪರು ಯಾವುದೋ ಕಾಲದಲ್ಲಿ, ಯಾವುದೋ ಬೇರೆಯ ಕಾರಣಕ್ಕೆ ಕೊರೆಸಿಟ್ಟು ಹೋಗಿದ್ದರು! ಸಾಹೇಬರು ತಿರುಪು ಬಿಚ್ಚಿದಾಗ ಬಿಲ್ಲೆಯ ಹಿಂಬದಿಯಲ್ಲಿ ಗಾಡಿಯ ಮೊದಲ ಬಣ್ಣ ಹಾಗೆಯೇ ಉಳಿದಿತ್ತು.

ಮುಂದಿನದು ನಾಲ್ಕು ದಿನದ ಕೆಲಸ. ನಾವು ಪಕ್ಕದಲ್ಲಿ ಕುಳಿತು ನೋಡಿದೆವು. ಪೇಟೆಯಲ್ಲಿ ಹಂಡೆ ಕೊಳಗಗಳಿಗೆ ಬೆಸುಗೆ ಹಾಕುವ ತಗಡಿನ ಕೆಲಸದವರಿಂದ ಒಂದು ಚಪ್ಪಟೆ ಪೆಟ್ಟಿಗೆ ಮಾಡಿಸಿ, ಅದರೊಳಗೆ ಕಾಗದದ ಶೋಧಕವನ್ನು ಮುಚ್ಚಿಟ್ಟರು; ಬಾನೆಟ್ಟಿನೊಳಗಿನ ಬಿಸಿಗಾಳಿ ಎಲ್ಲಿಯೂ ನುಸುಳದಂತೆ ಅಂಚಿಗೆಲ್ಲ ರಬ್ಬರು ಅಂಟಿಸಿದರು. ರಂಧ್ರದಿಂದ ಪೆಟ್ಟಿಗೆಗೆ ಗಟ್ಟಿಯಾದ ಕೊಳವೆ. ಪೆಟ್ಟಿಗೆಯಿಂದ ಕಾರ್ಬುರೇಟರಿಗೆ ಸುರುಳಿ ತಂತಿಯಿರುವ ರಬ್ಬರಿನ ಕೊಳವೆ. ಎಲ್ಲವನ್ನೂ ಗಟ್ಟಿ ಕೊಳವೆಯಿಂದಲೇ ಏಕೆ ಮಾಡಬಾರದೆಂದು ಕೇಳಿದೆವು. ಎಂಜಿನು ರಬ್ಬರಿನ ಮೆತ್ತೆಗಳ ಮೇಲೆ ಕುಳಿತು ತೊಟ್ಟಿಲಂತೆ ತೂಗುತ್ತಿರುತ್ತದೆ, ಗಾಡಿಯ ಮೈ ತೂಗುವುದಿಲ್ಲ. ತೂಗುವುದನ್ನೂ ತೂಗದ್ದನ್ನೂ ಬಿಗಿಯಾಗಿ ಕಟ್ಟಿದರೆ ಎಲ್ಲಾದರೊಂದು ಕಡೆ ಸೀಳುತ್ತದೆ ಎಂದರು. ಹಾಗೆಂದು ತೆಳುವಾದ ಮೆತ್ತನೆಯ ಕೊಳವೆಯೂ ಆಗದು. ಎಂಜಿನು ಜೋರಾಗಿ ಎಳೆದಾಗ ಅದು ಎಳನೀರು ಹೀರುವ ಕಾಗದದ ನಳಿಗೆಯಂತೆ ಒಳಕ್ಕೆ ಕುಸಿಯುತ್ತದೆ. ಬಾಗು ಇರುವಲ್ಲಿ ಮೊಣಕೈಯಂತೆ ಮುರಿಯದೆ ಬಳೆಯಂತೆ ಬಳಸಿದರು. ಫ್ಯಾನಿನ ರೆಕ್ಕೆಗೂ ಕೊಳವೆಗೂ ನಡುವೆ ನಾಲ್ಕು ಬೆರಳು ಬಿಟ್ಟರು. ಹೊಗೆಕೊಳವೆಯ ಕಡೆಗೆ ಒಂದು ತಗಡಿನ ಮರೆ ನಿಲ್ಲಿಸಿದರು. ಪೆಟ್ಟಿಗೆಯ ತಳದಲ್ಲಿ ಭತ್ತದ ಕಾಳು ಹಿಡಿಯುವಷ್ಟು ತೂತೊಂದನ್ನು ಕೊರೆದು, "ಮಳೆಹನಿ ಬಂದ್ರೆ ಹೀಗೆ ಹೋಗಲಿ" ಎಂದರು. ಎಲ್ಲಕ್ಕೂ ಆದ ವೆಚ್ಚವು ಆ ಕೆಂಪು ಜಾಲರಿಯ ಬೆಲೆಯ ಅರ್ಧವನ್ನೂ ಮುಟ್ಟಲಿಲ್ಲ. ಸಾಹೇಬರು ಕೂಲಿ ತೆಗೆದುಕೊಳ್ಳಲೊಪ್ಪಲಿಲ್ಲ; ಒಂದು ಗೊನೆ ಬಾಳೆಯ ಹಣ್ಣು ಕೊಂಡುಹೋದರು.

ಉಷ್ಣಮಾಪಕವನ್ನು ಪೆಟ್ಟಿಗೆಯೊಳಗೆ ಇಳಿಬಿಟ್ಟು ನೋಡಿದಾಗ, ರಸ್ತೆಯಲ್ಲಿ ಓಡುವಾಗ ಹೊರಗಿನ ಗಾಳಿಗಿಂತ ಮೂರು ನಾಲ್ಕು ಡಿಗ್ರಿ ಮಾತ್ರ ಹೆಚ್ಚಾಗಿತ್ತು. ದೋಷವೇ ಇಲ್ಲವೆಂದಲ್ಲ. ಎಳ್ಳಮಾವಾಸ್ಯೆಯ ಜಾತ್ರೆಯ ಜನಸಂದಣಿಯಲ್ಲಿ ಅರ್ಧ ಗಂಟೆ ನಿಂತೇ ಇರಬೇಕಾಗಿ ಬಂದರೆ ಬಿಸಿಗಾಳಿಯು ಸುತ್ತಿ ಮುಂದಕ್ಕೂ ಬರುತ್ತದೆ, ಆಗ ಸ್ವಲ್ಪ ಏದುತ್ತದೆ. ಮಾಗಿಯ ಮುಂಜಾನೆ ಮಂಜು ಕವಿದಿರುವಾಗಲಾದರೋ ಇದಕ್ಕೆ ವಿಪರೀತ; ಗಾಳಿ ಅತಿಯಾಗಿ ತಣ್ಣಗಿದ್ದು ಪೆಟ್ರೋಲು ಆವಿಯಾಗದೆ, ಎಂಜಿನು ಹತ್ತು ನಿಮಿಷ ಮೈಮುರಿಯುತ್ತದೆ. ಬೇಸಗೆಗೊಂದು ಚಳಿಗೊಂದು ಎಂದು ಗಾಳಿಯ ಮೂತಿಯನ್ನು ತಿರುಗಿಸಿಕೊಳ್ಳುವ ಏರ್ಪಾಡು ಹಿಂದಿನ ಅನೇಕ ಗಾಡಿಗಳಲ್ಲಿದ್ದುದು ಇದಕ್ಕಾಗಿಯೇ. ಅದನ್ನೂ ಮಾಡಿಕೊಡಿರೆಂದು ಕೇಳಿದ್ದಕ್ಕೆ ಸಾಹೇಬರು, "ಹತ್ತು ನಿಮಿಷ ಕಾಯಿರಿ ಸ್ವಾಮೀ, ನಿಮಗೇನು ಕಛೇರಿಗೆ ಹೋಗಬೇಕೆ?" ಎಂದುಬಿಟ್ಟರು.

ಮರುವರ್ಷದ ಏಪ್ರಿಲಿನಲ್ಲಿ ಮಾತೃಶ್ರೀಯವರ ಇನ್ನೊಂದು ಕಣ್ಣಿಗೂ ಚಿಕಿತ್ಸೆಯಾಗಬೇಕಾಯಿತು. ಬಾಡಿಗೆ ಗಾಡಿ ತರಿಸೋಣವೆಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಹಿಂದಿರುಗುವಾಗ ಅದೇ ಮಧ್ಯಾಹ್ನ, ಅದೇ ಬಿಸಿಲು. ನಮ್ಮ ಮನೆಯವರು ಸೋಮೇಶ್ವರದಲ್ಲಿಯೇ ಎರಡು ಕಲ್ಲುಗಳನ್ನು ಎತ್ತಿ ಕಾಲಡಿಯಲ್ಲಿ ಇಟ್ಟುಕೊಂಡಿದ್ದರು. ನಾವು ಕಂಡೂ ಕಾಣದಂತೆ ಇದ್ದೆವು. ಗಾಡಿ ಎರಡನೆಯ ಗೇರಿನಲ್ಲಿ, ಒಂದೇ ದನಿಯಲ್ಲಿ, ತಿರುವಿನ ಮೇಲೆ ತಿರುವನ್ನು ಹತ್ತಿತು. ಏಳನೆಯದು ಬಂದು ಹೋದದ್ದು ನಮಗೇ ತಿಳಿಯಲಿಲ್ಲ. ಪಟ್ಟಿ ಕಟ್ಟಿದ ಕಣ್ಣಿನ ಮಾತೃಶ್ರೀಯವರಿಗೆ ಹೇಗೋ ತಿಳಿದಿತ್ತು.

"ಇಲ್ಲಿ ಅವರು ಹಾರನ್ ಹೊಡೀತಿದ್ರು" ಎಂದರು.

ಆ ಹಾರನ್ನು ಅಟ್ಟದ ಮೇಲೆ, ಹಳೆಯ ಅಡಿಕೆ ಮೂಟೆಗಳ ಹಿಂದೆ ಸಿಕ್ಕಿತು. ಹುಣಿಸೆಹಣ್ಣು ಹಾಕಿ ತಿಕ್ಕಿದ ಮೇಲೆ ಹಿತ್ತಾಳೆ ಹೊಳೆಯಿತು. ಊದಿದರೆ ಸದ್ದು ಮಾತ್ರ ಬರುವುದಿಲ್ಲ. ಈಗ ಆಯುಧಪೂಜೆಯ ದಿನ ಅದನ್ನು ಗಾಡಿಯ ಬಾನೆಟ್ಟಿನ ಮೇಲೆ ಇಡುತ್ತಾರೆ. ಪಕ್ಕದಲ್ಲಿ, ಗೋಣಿತಾಟು ಹೊದ್ದು ಮೂಲೆಯಲ್ಲಿ ಕುಳಿತ ಹಳೆಯ ಎಂಜಿನಿಗೂ ಒಂದು ಕುಂಕುಮದ ಬೊಟ್ಟು, ಒಂದು ಎಸಳು ಸೇವಂತಿಗೆ ಸಲ್ಲುತ್ತದೆ.